ನಿಮ್ಮ ಬಿ.ಎಡ್. ವಿದ್ಯಾರ್ಥಿಗಳನ್ನು ಕಾಸರಗೋಡಿನ ಗಣಿತ ತರಗತಿಗೆ ಕಳುಹಿಸುವ ಮುನ್ನ

ನಿಮ್ಮ ಕಾಲೇಜಿನ ಗಣಿತ ವಿಭಾಗದ ಪ್ರಶಿಕ್ಷಣಾರ್ಥಿಗಳನ್ನು ಕಾಸರಗೋಡಿನ ಕನ್ನಡ ಮಾಧ್ಯಮ ಪ್ರೌಢಶಾಲೆಗಳಿಗೆ ಇಂಟರ್ನ್‌ಶಿಪ್‌ಗಾಗಿ ಕಳುಹಿಸಬಹುದೇ, ಅಲ್ಲಿ ಬೇರೆಡೆ ಸಿಗದಂಥದ್ದು ಏನಾದರೂ ಅವರಿಗೆ ಸಿಗುತ್ತದೆಯೇ ಎಂದು ಕೇಳಿದ್ದೀರಿ. ವಿಷಯ ಗಣಿತವಾದ್ದರಿಂದ ಭಾಷೆಯ ತೊಡಕು ಅಷ್ಟೇನೂ ಇರಲಿಕ್ಕಿಲ್ಲ ಎಂಬ ಮಾತನ್ನೂ ಸೇರಿಸಿದ್ದೀರಿ. ಕಳುಹಿಸಬಹುದು, ಖಂಡಿತ ಕಳುಹಿಸಿ. ಆದರೆ ಆ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ಸಮೀಕರಣ ಬಿಡಿಸುವ ವಿಧಾನ ಧಾರವಾಡದಲ್ಲಿಯೂ ಮಂಜೇಶ್ವರದಲ್ಲಿಯೂ ಒಂದೇ ಎಂಬುದು ನಿಜ. ಮಗು ಆ ಸಮೀಕರಣಕ್ಕೆ ಬಂದು ಮುಟ್ಟುವ ದಾರಿಯಲ್ಲಿ ಎಲ್ಲಿ ಎಡವಿತು ಎಂಬುದನ್ನು ಪತ್ತೆಹಚ್ಚುವ ಕೆಲಸ ಮಾತ್ರ ಇಲ್ಲಿ ಬೇರೆಯೇ ಆಗಿದೆ, ಮತ್ತು ಮುಂದೆ ಗಣಿತ ಶಿಕ್ಷಕರಾಗುವವರು ತರಗತಿಯಲ್ಲಿ ನಿಂತು ಕಲಿಯಬೇಕಾದ ಮುಖ್ಯ ವಿದ್ಯೆ ಅದೇ ಎಂದು ನನ್ನ ತಿಳಿವಳಿಕೆ.

ಮೊದಲು ಊರಿನ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ನಿಮಗೆ ಗೊತ್ತಿರುತ್ತದೆ. ಅದು ಜಾರಿಗೆ ಬರಲಿಲ್ಲ, ಆ ಚರ್ಚೆ ಇಲ್ಲಿ ಬೇಡ. ಶಾಲೆಯ ಮಟ್ಟಿಗೆ ಇದರ ಫಲವೆಂದರೆ, ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಹಲವು ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕನ್ನಡ ಮಾಧ್ಯಮ, ಮಲಯಾಳ ಮಾಧ್ಯಮ ಎರಡೂ ಒಂದೇ ಆವರಣದಲ್ಲಿ ನಡೆಯುತ್ತವೆ, ಈಚೆಗೆ ಇಂಗ್ಲಿಷ್ ಮಾಧ್ಯಮವೂ ಸೇರಿಕೊಂಡಿದೆ. ಪಠ್ಯಪುಸ್ತಕ ಕೇರಳದ ಎಸ್‌ಸಿಇಆರ್‌ಟಿ, ಅಂದರೆ ರಾಜ್ಯದ ಪಠ್ಯ ರೂಪಿಸುವ ಸಂಸ್ಥೆಯದು, ಅಕ್ಷರ ಕನ್ನಡದ್ದು. ಇಲಾಖೆಯ ಸುತ್ತೋಲೆ ಬಹುಪಾಲು ಮಲಯಾಳದಲ್ಲಿ ಬರುತ್ತದೆ. ಮಕ್ಕಳ ಮನೆಮಾತು ತುಳು, ಬ್ಯಾರಿ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಮಲಯಾಳ ಹೀಗೆ ಯಾವುದಾದರೂ ಇರಬಹುದು, ಉಪ್ಪಳದ ಕಡೆ ಉರ್ದುವೂ ಇದೆ. ಪುಸ್ತಕದ ಕನ್ನಡವನ್ನೇ ಮನೆಯಲ್ಲಿ ಆಡುವ ಮಗು ಕನ್ನಡ ತರಗತಿಯಲ್ಲಿಯೂ ಅಪರೂಪ.

ಇಂಥ ತರಗತಿಗೆ ನಿಮ್ಮ ಪ್ರಶಿಕ್ಷಣಾರ್ಥಿ ಪಾಠಯೋಜನೆಯ ಕಡತ ಹಿಡಿದು ಬರುತ್ತಾನೆ ಅಥವಾ ಬರುತ್ತಾಳೆ ಎಂದುಕೊಳ್ಳಿ. ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರ ಶಾಲಾ ಇಂಟರ್ನ್‌ಶಿಪ್ ಇರಬೇಕು. ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಆರಂಭದ ಒಂದು ವಾರ ಶಾಲೆಯ ಶಿಕ್ಷಕರ ತರಗತಿಯಲ್ಲಿ ಕುಳಿತು ವೀಕ್ಷಿಸಬೇಕೆಂದೂ ಅದರಲ್ಲಿದೆ. ಈ ವೀಕ್ಷಣೆಯ ವಾರವನ್ನು ಬಹಳಷ್ಟು ಮಂದಿ ಚಾರ್ಟು ಬರೆಯಲು, ರೆಕಾರ್ಡು ತುಂಬಿಸಲು ಬಳಸಿಕೊಳ್ಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತವರು ಶಿಕ್ಷಕರನ್ನೇ ನೋಡುತ್ತಾರೆ, ಅವರು ಕರಿಹಲಗೆಯಲ್ಲಿ ಏನು ಬರೆದರು, ಯಾವ ಪ್ರಶ್ನೆ ಕೇಳಿದರು ಎಂದು ಟಿಪ್ಪಣಿ ಮಾಡುತ್ತಾರೆ. ನನ್ನನ್ನು ಕೇಳಿದರೆ ಆ ವಾರ ನೋಡಬೇಕಾದದ್ದು ಪಕ್ಕದಲ್ಲಿ ಕುಳಿತ ಹುಡುಗನ ನೋಟುಪುಸ್ತಕವನ್ನು, ಕೇಳಬೇಕಾದದ್ದು ಅವನು ತುಟಿಯೊಳಗೇ ಗುಣುಗುಣಿಸುವ ಲೆಕ್ಕವನ್ನು. ತುಳುವಿನಲ್ಲಿ ಕೂಡುತ್ತಾನೆ, ಗೆಳೆಯನೊಂದಿಗೆ ಮಲಯಾಳದಲ್ಲಿ ವಾದಿಸುತ್ತಾನೆ, ಕನ್ನಡದಲ್ಲಿ ಬರೆಯುತ್ತಾನೆ, ಟೀಚರ್ ಕೇಳಿದರೆ ಸುಮ್ಮನಾಗುತ್ತಾನೆ. ಆ ಮೌನವನ್ನು ಹೊಸ ಶಿಕ್ಷಕರು ಅಜ್ಞಾನವೆಂದು ಭಾವಿಸುವ ಸಂಭವ ಬಹಳ ಹೆಚ್ಚು.

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯ ಇದರಲ್ಲಿಯೇ ಇದೆ. ‘ಒಂದು ಆಯತದ ಉದ್ದವು ಅಗಲಕ್ಕಿಂತ 5 ಸೆಂಟಿಮೀಟರ್ ಹೆಚ್ಚಾಗಿದೆ, ಸುತ್ತಳತೆ 38 ಸೆಂಟಿಮೀಟರ್, ಹಾಗಾದರೆ ಉದ್ದ ಮತ್ತು ಅಗಲ ಎಷ್ಟು?’ ಎಂದು ಕೇಳಿದಾಗ ಮಗು ಅಗಲ 12, ಉದ್ದ 7 ಎಂದು ಬರೆಯುತ್ತದೆ. ಸರಿಯುತ್ತರ ಇದರ ತಿರುವುಮುರುವು. ಉತ್ತರ ಮಾತ್ರ ನೋಡುವವರು ‘ಅಜಾಗರೂಕತೆ’ ಎಂದು ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಾರೆ. ಆದರೆ ಮಗುವಿನ ಹೆಜ್ಜೆಗಳನ್ನು ನೋಡಿದರೆ ಅದು ಉದ್ದವನ್ನು x ಎಂದು, ಅಗಲವನ್ನು x + 5 ಎಂದು ತೆಗೆದುಕೊಂಡಿದೆ. ಅಲ್ಲಿಂದ ಮುಂದಿನ ಬೀಜಗಣಿತದಲ್ಲಿ ಒಂದು ಲೋಪವೂ ಇಲ್ಲ. ತಪ್ಪಾದದ್ದು ವಾಕ್ಯವನ್ನು ಸಂಕೇತಕ್ಕೆ ಇಳಿಸುವ ಒಂದೇ ಒಂದು ಜಾಗದಲ್ಲಿ. ಇಷ್ಟು ಪತ್ತೆ ಮಾಡಿದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಮಗುವಿಗೆ ಅರ್ಥವಾಗದಿದ್ದದ್ದು ಪುಸ್ತಕದ ಕನ್ನಡ ವಾಕ್ಯವೋ, ಎರಡು ಅಳತೆಗಳ ಸಂಬಂಧವನ್ನು ಅಕ್ಷರದಲ್ಲಿ ಬರೆಯುವ ಕ್ರಮವೋ? ಇದನ್ನು ತಿಳಿಯಲು ನಾವು ಪ್ರಶಿಕ್ಷಣಾರ್ಥಿಗಳಿಂದ ಮಾಡಿಸುವುದು ಇಷ್ಟೇ. ಅದೇ ಲೆಕ್ಕವನ್ನು ಮಗುವಿನ ಮನೆಮಾತಿನಲ್ಲಿ ಬಾಯಿಂದ ಹೇಳುವುದು, ಅಥವಾ ಅದನ್ನು ಬಲ್ಲ ಸಹಪಾಠಿಯಿಂದ ಹೇಳಿಸುವುದು, ಚಿತ್ರ ಬಿಡಿಸಲು ಹೇಳಿ ಎರಡು ಬದಿಗಳಲ್ಲಿ ದೊಡ್ಡದು ಯಾವುದೆಂದು ಕೇಳುವುದು. ಚಿತ್ರ ಸರಿಯಾಗಿ ಬಂದು, ಸಂಕೇತ ಮತ್ತೆ ತಪ್ಪಾದರೆ ತೊಡಕು ಬೀಜಗಣಿತದ್ದು. ಬಾಯಿಮಾತಿನ ನಂತರ ಎರಡೂ ಸರಿಯಾದರೆ ತೊಡಕು ಓದಿನದ್ದು. ಮೊದಲನೆಯದಕ್ಕೆ ಇನ್ನಷ್ಟು ಲೆಕ್ಕ ಬೇಕು, ಎರಡನೆಯದಕ್ಕೆ ಲೆಕ್ಕದ ವಾಕ್ಯವನ್ನು ನಿಧಾನವಾಗಿ ಓದಿಸುವ ಅಭ್ಯಾಸ ಬೇಕು. ಎರಡಕ್ಕೂ ಒಂದೇ ಔಷಧಿ ಕೊಟ್ಟರೆ ಅರ್ಧ ಮಕ್ಕಳ ಸಮಯ ಹಾಳು.

ಬಿ.ಎಡ್. ಪಠ್ಯಕ್ರಮದಲ್ಲಿ ಇದಕ್ಕೆ ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ ಎಂಬ ಹೆಸರಿದೆ, ರೆಕಾರ್ಡಿನಲ್ಲಿ ಅದಕ್ಕೊಂದು ಭಾಗವೂ ಇದೆ. ಸಾಮಾನ್ಯವಾಗಿ ಅದನ್ನು ಕೊನೆಯ ವಾರದಲ್ಲಿ ಒಂದು ಪರೀಕ್ಷೆ ಮಾಡಿ, ಒಂದು ಕೋಷ್ಟಕ ಹಾಕಿ ಮುಗಿಸಿಬಿಡುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಓದಿನ ತೊಡಕೂ ಬೀಜಗಣಿತದ ತೊಡಕೂ ಒಂದೇ ಸಾಲಿಗೆ ಸೇರಿ ಕೋಷ್ಟಕ ಸುಳ್ಳು ಹೇಳುತ್ತದೆ.

ಕೇರಳದಲ್ಲಿ ಈಗ ಈ ಪತ್ತೆಯ ಕೆಲಸಕ್ಕೆ ಇನ್ನೊಂದು ಕಾರಣವೂ ಒದಗಿದೆ. ಎಂಟನೆಯ ತರಗತಿಯಲ್ಲಿ 2024-25ನೇ ಸಾಲಿನಿಂದ ಪ್ರತಿ ವಿಷಯದ ಬರವಣಿಗೆ ಪರೀಕ್ಷೆಯಲ್ಲಿಯೂ ಕನಿಷ್ಠ ಶೇಕಡಾ 30 ಅಂಕ ಬೇಕೆಂಬ ನಿಬಂಧನೆ ಬಂದಿದ್ದು, ಅದನ್ನು ಮುಟ್ಟದ ಮಕ್ಕಳಿಗೆ ಬೆಂಬಲ ತರಗತಿ ನಡೆಸಬೇಕಾಗುತ್ತದೆ. ಹತ್ತನೆಯ ತರಗತಿಯ ಗಣಿತ ಪರೀಕ್ಷೆಯಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ನಿರಂತರ ಮೌಲ್ಯಮಾಪನಕ್ಕೆ. ಪ್ರಶ್ನೆಪತ್ರಿಕೆ ಕೊಟ್ಟ ಮೇಲೆ ಮೊದಲ 15 ನಿಮಿಷ ಓದಿಕೊಳ್ಳಲೆಂದೇ ಮೀಸಲು. ಆ ಹೊತ್ತಿನಲ್ಲಿ ನಮ್ಮ ಮಕ್ಕಳು ನಿಜವಾಗಿಯೂ ಏನು ಮಾಡುತ್ತಾರೆ, ಯಾವ ವಾಕ್ಯದಲ್ಲಿ ಕಣ್ಣು ನಿಲ್ಲುತ್ತದೆ ಎಂದು ತರಗತಿ ಪರೀಕ್ಷೆಯಲ್ಲಿ ಗಮನಿಸಿ ಬರೆದುಕೊಳ್ಳುವುದು ಪ್ರಶಿಕ್ಷಣಾರ್ಥಿಗೆ ಕ್ರಿಯಾ ಸಂಶೋಧನೆಗೆ, ಅಂದರೆ ತನ್ನ ತರಗತಿಯ ತೊಡಕನ್ನು ತಾನೇ ಅಧ್ಯಯನ ಮಾಡುವುದಕ್ಕೆ, ಒಳ್ಳೆಯ ವಸ್ತು.

ಪುಸ್ತಕದ ವಿಚಾರಕ್ಕೆ ಬರುತ್ತೇನೆ. ಕರ್ನಾಟಕದ ಪ್ರೌಢಶಾಲಾ ಗಣಿತ ಈಗ ಹೆಚ್ಚಾಗಿ ಕೇಂದ್ರದ ಪಠ್ಯ ರೂಪಿಸುವ ಎನ್‌ಸಿಇಆರ್‌ಟಿಯ ದಾರಿಯಲ್ಲಿದೆ. ಕೇರಳದ ಪುಸ್ತಕ ತನ್ನದೇ ದಾರಿ ಹಿಡಿದಿದೆ. ವ್ಯಾಖ್ಯೆ, ಸೂತ್ರ, ಮಾದರಿ ಲೆಕ್ಕ, ಅಭ್ಯಾಸ ಎಂಬ ಕ್ರಮಕ್ಕೆ ಒಗ್ಗಿದವರಿಗೆ ಇಲ್ಲಿನ ಪುಸ್ತಕ ಮೊದಲಿಗೆ ಗಲಿಬಿಲಿ ಹುಟ್ಟಿಸುತ್ತದೆ, ಏಕೆಂದರೆ ಅದು ಚಿತ್ರದಿಂದಲೋ ಸಂಖ್ಯೆಗಳ ಸಾಲಿನಿಂದಲೋ ಮಾತು ಆರಂಭಿಸಿ, ಸೂತ್ರಕ್ಕೆ ಬಹಳ ತಡವಾಗಿ ಬರುತ್ತದೆ. ಹತ್ತನೆಯ ತರಗತಿಯ ಸಮಾಂತರ ಶ್ರೇಢಿಯನ್ನೇ ತೆಗೆದುಕೊಳ್ಳಿ. 5, 8, 11, 14 ಎಂಬ ಶ್ರೇಢಿಯಲ್ಲಿ 100 ಬರುತ್ತದೆಯೇ ಎಂದರೆ, ನಿಮ್ಮ ಪ್ರಶಿಕ್ಷಣಾರ್ಥಿ n-ನೆಯ ಪದದ ಸೂತ್ರ ಬರೆದು, 3n + 2 = 100 ಎಂದು ಮಾಡಿ, n ಪೂರ್ಣಸಂಖ್ಯೆಯಾಗದ ಕಾರಣ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿನ ಮಗು ಸೂತ್ರವನ್ನೇ ಮುಟ್ಟದೆ, ‘ಇವೆಲ್ಲವನ್ನೂ 3ರಿಂದ ಭಾಗಿಸಿದರೆ ಶೇಷ 2, ನೂರಕ್ಕೆ ಶೇಷ 1, ಆದ್ದರಿಂದ ಇಲ್ಲ’ ಎಂದು ಒಂದೇ ಉಸಿರಿಗೆ ಹೇಳಬಹುದು. ಎರಡೂ ಒಂದೇ ಸತ್ಯದ ಎರಡು ಮುಖಗಳೆಂದು ಆ ಕ್ಷಣದಲ್ಲಿಯೇ ಗುರುತಿಸಿ, ‘ಸರಿ, ಆದರೆ ಸೂತ್ರ ಬರೆ’ ಎಂದು ಮಗುವನ್ನು ಕೆಳಗೆ ಎಳೆಯದೆ ಇರುವುದಕ್ಕೆ ತಕ್ಕ ಸಿದ್ಧತೆ ಬೇಕು. ಅದಕ್ಕಾಗಿ ಬರುವ ಮೊದಲೇ ಕೇರಳದ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಕನ್ನಡ ಗಣಿತ ಪುಸ್ತಕಗಳನ್ನು ಲೆಕ್ಕ ಬಿಡಿಸುತ್ತಲೇ ಓದಿಕೊಂಡು ಬರಲು ಹೇಳಿ. ಪಾರಿಭಾಷಿಕ ಪದಗಳಲ್ಲಿಯೂ ಅಲ್ಲಲ್ಲಿ ವ್ಯತ್ಯಾಸ ಕಾಣಿಸೀತು. ಅದು ದೊಡ್ಡ ಸಮಸ್ಯೆಯಲ್ಲ, ತರಗತಿಯ ಪುಸ್ತಕದಲ್ಲಿರುವ ಪದವನ್ನೇ ಬಳಸಿದರಾಯಿತು.

ಗಣಿತದ ಚಿತ್ರಗಳನ್ನು ಪರದೆಯ ಮೇಲೆ ಬಿಡಿಸಿ ಬದಲಾಯಿಸಿ ನೋಡುವ ಜಿಯೋಜೀಬ್ರಾ ತಂತ್ರಾಂಶವನ್ನು ಬಳಸಲು ಬರುವವರಿಗೆ ಇಲ್ಲಿ ಒಳ್ಳೆಯ ಅವಕಾಶವಿದೆ. ಕೇರಳದಲ್ಲಿ ಶಾಲೆಗಳ ತಂತ್ರಜ್ಞಾನವನ್ನು ನೋಡಿಕೊಳ್ಳುವ ಸರಕಾರಿ ಸಂಸ್ಥೆಯಾದ ಕೈಟ್ ಮೂಲಕ ಎಂಟರಿಂದ ಹನ್ನೆರಡರವರೆಗಿನ 45,000 ತರಗತಿ ಕೋಣೆಗಳನ್ನು ಹೈಟೆಕ್ ಮಾಡಲಾಗಿದ್ದು, ಲ್ಯಾಪ್‌ಟಾಪು, ಪ್ರೊಜೆಕ್ಟರು ಇರುವ ಕೋಣೆಯಲ್ಲಿ ವೃತ್ತದ ಮೇಲಿನ ಬಿಂದುವನ್ನು ಎಳೆದಾಡಿಸಿ ಕೋನ ಬದಲಾಗದಿರುವುದನ್ನು ತೋರಿಸಬಹುದು. ಭಾಷೆಯ ಭಾರವಿಲ್ಲದೆ ಮಕ್ಕಳು ವಾದಕ್ಕಿಳಿಯುವುದು ಇಂಥ ಪಾಠದಲ್ಲಿಯೇ. ಆದರೂ ಪಾಠಯೋಜನೆಯ ಎರಡನೆಯ ಪ್ರತಿ ಸೀಮೆಸುಣ್ಣಕ್ಕೆಂದು ಸಿದ್ಧವಿರಲಿ. ಮಳೆಗಾಲದಲ್ಲಿ ವಿದ್ಯುತ್ತನ್ನು ನಂಬಿ ಪಾಠ ಮಾಡುವಂತಿಲ್ಲ.

ಇನ್ನು ಮಾರ್ಗದರ್ಶಿ ಶಿಕ್ಷಕರ ವಿಚಾರ. ಕನ್ನಡ ಮಾಧ್ಯಮದ ಗಣಿತ ಶಿಕ್ಷಕರ ನೇಮಕಾತಿ ಇಲ್ಲಿ ಸದಾ ನೋವಿನ ವಿಷಯ. ಕನ್ನಡ ಸರಿಯಾಗಿ ಬಾರದವರು ಕನ್ನಡ ತರಗತಿಗೆ ನೇಮಕಗೊಂಡು, ಮಕ್ಕಳೂ ಹೆತ್ತವರೂ ಶಾಲೆಯ ಮುಂದೆ ಪ್ರತಿಭಟಿಸಿದ ಪ್ರಸಂಗಗಳು ಪತ್ರಿಕೆಗಳಲ್ಲಿ ಬಂದಿವೆ. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಬೋಧನೆಯ ಬಗ್ಗೆ ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ; ಪ್ರೌಢಶಾಲೆಯಲ್ಲಿ ಕನ್ನಡ ಬಲ್ಲ ಗಣಿತ ಶಿಕ್ಷಕರು ಇರಬೇಕೆಂಬುದನ್ನು ಜನರು ಪ್ರತಿ ಸಲವೂ ಕೇಳಿಯೇ ಪಡೆಯಬೇಕಾಗಿದೆ. ಹುದ್ದೆ ಖಾಲಿಯಿರುವಲ್ಲಿ ದಿನಗೂಲಿ ನೆಲೆಯ ಶಿಕ್ಷಕರು ಇರುತ್ತಾರೆ. ಅವರು ತಾವೇ ಮೊನ್ನೆ ಬಿ.ಎಡ್. ಮುಗಿಸಿದವರಾಗಿರಬಹುದು, ಹಾಗೆಂದು ಅವರನ್ನು ಕಡೆಗಣಿಸಬೇಡಿ. ಮಕ್ಕಳ ಮನೆಮಾತುಗಳನ್ನೆಲ್ಲ ಬಲ್ಲ ಸ್ಥಳೀಯರು ಸಾಮಾನ್ಯವಾಗಿ ಅವರೇ, ಆದ್ದರಿಂದ ಮೇಲೆ ಹೇಳಿದ ಪತ್ತೆಯ ಕೆಲಸದಲ್ಲಿ ಅವರಿಗಿಂತ ಒಳ್ಳೆಯ ಗುರು ಸಿಗಲಾರರು.

ನಮ್ಮ ಊರಿನ ಮಕ್ಕಳೇ ಬಹಳಷ್ಟು ಮಂದಿ ಬಿ.ಎಡ್.ಗೆ ಮಂಗಳೂರಿಗೆ ಹೋಗುತ್ತಾರೆ, ಅಲ್ಲಿನ ಶಾಲೆಗಳಲ್ಲಿ ಕರ್ನಾಟಕದ ಪುಸ್ತಕ ಹಿಡಿದು ಅಭ್ಯಾಸ ಪಾಠ ಮಾಡುತ್ತಾರೆ, ಆಮೇಲೆ ಹೊರರಾಜ್ಯದ ಪದವಿಗೆ ಸಮಾನತಾ ಪ್ರಮಾಣಪತ್ರ, ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಎಂದು ಓಡಾಡಿ ಊರಿನ ಶಾಲೆಗೆ ಬಂದು ಹೊಸ ಪುಸ್ತಕವನ್ನು ಮೊದಲ ಸಲ ತೆರೆಯುತ್ತಾರೆ. ಇಂಥವರು ನಿಮ್ಮ ಕಾಲೇಜಿನಲ್ಲಿಯೂ ಇದ್ದರೆ, ಮೊದಲು ಕಳುಹಿಸಬೇಕಾದದ್ದು ಅವರನ್ನು.

ವೇಳಾಪಟ್ಟಿಯನ್ನು ಹಾಕುವಾಗ ಕರ್ನಾಟಕದ ದಸರಾ ರಜೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆದರೆ ಮೊದಲ ಅವಧಿಯ ಪರೀಕ್ಷೆ ಓಣಂಗೆ ಮೊದಲು, ಎರಡನೆಯದು ಕ್ರಿಸ್‌ಮಸ್‌ಗೆ ಮೊದಲು, ಎರಡರ ನಂತರವೂ ರಜೆ. ಜೂನ್-ಜುಲೈ ತಿಂಗಳಲ್ಲಿ ಮಳೆ ಬಿರುಸಾದರೆ ಜಿಲ್ಲಾಧಿಕಾರಿಯವರು ಹಿಂದಿನ ದಿನ ಸಂಜೆಯೇ ರಜೆ ಘೋಷಿಸುತ್ತಾರೆ, ಮಕ್ಕಳಿಗಿಂತ ಹೆಚ್ಚು ಸಂತೋಷಪಡುವವರು ಪಾಠಯೋಜನೆ ಮುಗಿಯದ ಪ್ರಶಿಕ್ಷಣಾರ್ಥಿಗಳು. ಶುಕ್ರವಾರ ಮಧ್ಯಾಹ್ನದ ವಿರಾಮ ದೀರ್ಘವಾಗಿರುವುದರಿಂದ ಪಿರಿಯಡ್‌ಗಳ ಹೊತ್ತು ಬೇರೆ. ಓಣಂ ರಜೆ ಕಳೆದ ಮೇಲೆ ಶಾಸ್ತ್ರೋತ್ಸವ (ವಿಜ್ಞಾನ, ಗಣಿತ ಮೊದಲಾದ ಮೇಳಗಳು), ಕಲೋತ್ಸವಗಳ ಸರಣಿ ಆರಂಭವಾಗುತ್ತದೆ. ಗಣಿತ ಮೇಳದಲ್ಲಿ ಸಂಖ್ಯಾ ಚಾರ್ಟು, ಜ್ಯಾಮಿತೀಯ ಚಾರ್ಟು, ಸ್ಥಿರ ಮಾದರಿ, ಚಲಿಸುವ ಮಾದರಿ, ಪಜಲ್, ಆಟ, ಪ್ರಾಜೆಕ್ಟ್ ಎಂದು ಹಲವು ಸ್ಪರ್ಧೆಗಳಿದ್ದು, ಮಕ್ಕಳನ್ನು ಅಣಿಗೊಳಿಸುವ ಕೆಲಸ ಖಂಡಿತವಾಗಿ ನಿಮ್ಮವರ ಹೆಗಲಿಗೆ ಬೀಳುತ್ತದೆ. ಪಾಠದ ಸಂಖ್ಯೆ ಕಡಿಮೆಯಾಯಿತೆಂದು ನೀವು ಬೇಸರಿಸಬೇಡಿ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ತಾನು ಕತ್ತರಿಸಿ ಅಂಟಿಸಿದ ಘನಾಕೃತಿಯ ಮೇಲ್ಮೈ ವಿಸ್ತೀರ್ಣವನ್ನು ತೀರ್ಪುಗಾರರಿಗೆ ಪಟಪಟನೆ ವಿವರಿಸುವುದನ್ನು ಅಲ್ಲಿ ನೋಡಬಹುದು.

ಕೊನೆಗೆ ಕೆಲವು ವ್ಯವಸ್ಥೆಯ ಮಾತು. ಹೊರರಾಜ್ಯದ ಕಾಲೇಜಾದ್ದರಿಂದ ಶಿಕ್ಷಣ ಇಲಾಖೆಯ ಅನುಮತಿಯನ್ನು ಬರವಣಿಗೆಯಲ್ಲಿ, ಶಾಲೆ ತೆರೆಯುವ ಮೊದಲೇ ಪಡೆದುಕೊಳ್ಳಿ. ಮುಖ್ಯ ಶಿಕ್ಷಕರ ಬಾಯಿಮಾತಿನ ಒಪ್ಪಿಗೆ ಸಾಲದು. ಒಂದು ಶಾಲೆಗೆ ಇಬ್ಬರಿಗಿಂತ ಹೆಚ್ಚು ಗಣಿತದವರು ಬೇಡ, ಏಕೆಂದರೆ ಕನ್ನಡ ಡಿವಿಷನ್ ಸಾಮಾನ್ಯವಾಗಿ ತರಗತಿಗೆ ಒಂದೇ. ನಿಮ್ಮ ಮೇಲ್ವಿಚಾರಕರು ಪಾಠ ನೋಡಲು ಬಂದಾಗ ಪಾಠಯೋಜನೆಯ ಜತೆಗೆ, ಮಕ್ಕಳ ತಪ್ಪುಗಳನ್ನು ಅವರ ಮಾತಿನಲ್ಲಿಯೇ ಬರೆದಿಟ್ಟ ಪುಸ್ತಕವನ್ನೂ ಕೇಳಿ ನೋಡಲಿ, ಅದಕ್ಕೂ ಅಂಕವಿರಲಿ. ತುಳು ಬಲ್ಲವರನ್ನು ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆಯ ಶಾಲೆಗಳಿಗೆ ಹಾಕಿ, ಅಲ್ಪಸ್ವಲ್ಪ ಮಲಯಾಳ ತಿಳಿದವರಿದ್ದರೆ ಕಾಸರಗೋಡು ಪೇಟೆಯ ಹತ್ತಿರದವಕ್ಕೆ ಹಾಕಿ. ಎರಡೂ ಬಾರದವರು ಇಬ್ಬರಲ್ಲಿ ಒಬ್ಬರಾಗಿ ಬರಲಿ, ಒಂಟಿಯಾಗಿ ಬೇಡ.