ಎಫ್2 ಒತ್ತಿದರೂ ಹೆಸರು ಬದಲಾಗುತ್ತಿಲ್ಲ

ಪ್ರಶ್ನೆ: ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಫೈಲಿನ ಹೆಸರು ಬದಲಿಸಲು ಎಫ್2 ಒತ್ತಿದರೆ ಒಮ್ಮೊಮ್ಮೆ ಏನೂ ಆಗುವುದಿಲ್ಲ. ಮೊನ್ನೆ ಫೈಲಿನ ಬದಲು ಇಡೀ ಫೋಲ್ಡರಿನ ಹೆಸರೇ ಬದಲಾಯಿತು. ಕೀಬೋರ್ಡ್ ಹಾಳಾಗಿದೆಯೆ?
– ಓದುಗರೊಬ್ಬರು, ಹಾಸನ

ಉತ್ತರ: ಕೀಬೋರ್ಡಿಗೆ ದುಡ್ಡು ಹಾಕುವ ಮುನ್ನ ಇದೊಂದು ಪರೀಕ್ಷೆ ಮಾಡಿ. ವಿಂಡೋಸ್, ಕಂಟ್ರೋಲ್, ಓ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಬೋರ್ಡ್ ಬರುತ್ತದೆ. ಫೈಲನ್ನು ಒಮ್ಮೆ ಕ್ಲಿಕ್ ಮಾಡಿ, ಆ ಕೀಬೋರ್ಡಿನಲ್ಲಿ ಎಫ್ಎನ್ (Fn), ಆಮೇಲೆ ಎಫ್2 ಒತ್ತಿ.

ಹೆಸರಿನ ಚೌಕ ತೆರೆಯಿತೇ? ಹಾಗಾದರೆ ನಿಮ್ಮ ಲ್ಯಾಪ್‌ಟಾಪಿನ ಎಫ್2 ಕೀಲಿ ಬೆಳಕು ಅಥವಾ ಧ್ವನಿಯ ಕೆಲಸಕ್ಕೆ ಹೊರಳಿರಬಹುದು. ಎಫ್ಎನ್ ಹಿಡಿದು ಎಫ್2 ಒತ್ತಿ ನೋಡಿ. ಅದು ಕೆಲಸ ಮಾಡಿದರೆ ಎಫ್ಎನ್ ಜೊತೆ ಎಸ್ಕೇಪ್ ಒತ್ತಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಲಾಕ್ (ಎಫ್ಎನ್ ಹಿಡಿಯದೆಯೇ ಎಫ್ ಕೀಲಿಗಳು ಕೆಲಸ ಮಾಡುವ ವ್ಯವಸ್ಥೆ) ಬದಲಾಗುವುದು ಹೀಗೆಯೇ. ಎಸ್ಕೇಪ್ ಕೀಲಿಯ ಮೇಲೆ ಸಣ್ಣ ಬೀಗದ ಚಿತ್ರವಿದ್ದರೆ ಖಾತ್ರಿ. ಇಲ್ಲದಿದ್ದರೆ ಬಯೋಸ್ ಸೆಟ್ಟಿಂಗ್‌ಗೆ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಹೋಗಬೇಕು: ಎಚ್‌ಪಿಯಲ್ಲಿ ‘ಆಕ್ಷನ್ ಕೀಸ್ ಮೋಡ್’, ಲೆನೊವೊದಲ್ಲಿ ‘ಹಾಟ್‌ಕೀ ಮೋಡ್’ ಎಂದಿರುತ್ತದೆ.

ಪರದೆಯ ಕೀಬೋರ್ಡಿನಲ್ಲೂ ಚೌಕ ತೆರೆಯದಿದ್ದರೆ, ಹಿನ್ನೆಲೆಯಲ್ಲಿ ಓಡುತ್ತಿರುವ ಯಾವುದೋ ತಂತ್ರಾಂಶ ಎಫ್2 ಅನ್ನು ತನ್ನದಾಗಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಸ್ಕ್ರೀನ್‌ಶಾಟ್, ರೆಕಾರ್ಡಿಂಗ್ ತಂತ್ರಾಂಶಗಳ ಮೇಲೆ ಮೊದಲು ಕಣ್ಣಿಡಿ. ಒಂದೊಂದಾಗಿ ಮುಚ್ಚುತ್ತ ಎಫ್2 ಒತ್ತಿ ನೋಡಿ.

ಫೋಲ್ಡರಿನ ಹೆಸರು ಬದಲಾದದ್ದು ಬೇರೆಯೇ ಕಥೆ. ಎಡಗಡೆಯ ಫೋಲ್ಡರ್ ಪಟ್ಟಿಯಲ್ಲಿ ಕ್ಲಿಕ್ ಮಾಡಿ ಹಾಗೆಯೇ ಎಫ್2 ಒತ್ತಿದರೆ ವಿಂಡೋಸ್ ಆ ಫೋಲ್ಡರನ್ನೇ ಹಿಡಿಯುತ್ತದೆ. ವಿಳಾಸ ಪಟ್ಟಿಯಲ್ಲಿ ಕರ್ಸರ್ ಇದ್ದರೆ ಚೌಕವೇ ತೆರೆಯದು. ಬಲಗಡೆಯ ಫೈಲನ್ನು ಇನ್ನೊಮ್ಮೆ ಕ್ಲಿಕ್ಕಿಸಿಯೇ ಎಫ್2 ಒತ್ತುವ ರೂಢಿ ಮಾಡಿಕೊಳ್ಳಿ. ತಪ್ಪಿದ್ದು ಕಂಡ ಕೂಡಲೇ, ಬೇರೇನೂ ಮಾಡದೆ, ಕಂಟ್ರೋಲ್ ಝಡ್ ಒತ್ತಿದರೆ ಹಳೆಯ ಹೆಸರು ಮರಳುತ್ತದೆ.

ಪ್ರಶ್ನೆ: ಕನ್ನಡದಲ್ಲಿ ಹೆಸರಿಡಲು ಭಾಷೆ ಬದಲಿಸುವಷ್ಟರಲ್ಲಿ ಚೌಕವೇ ಮುಚ್ಚಿಹೋಗುತ್ತದೆ.
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಕೆಳಗಿನ ಪಟ್ಟಿಯ ಭಾಷಾ ಗುರುತನ್ನು ಮೌಸ್‌ನಿಂದ ಕ್ಲಿಕ್ ಮಾಡುತ್ತಿರಬೇಕು. ಚೌಕದ ಹೊರಗೆ ಎಲ್ಲಿ ಕ್ಲಿಕ್ ಮಾಡಿದರೂ ‘ಹೆಸರು ಬರೆದಾಯಿತು’ ಎಂದೇ ವಿಂಡೋಸ್ ತಿಳಿಯುತ್ತದೆ. ಬದಲಿಗೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ. ಇನ್ನೂ ಒಳ್ಳೆಯದು, ಎಫ್2 ಒತ್ತುವ ಮೊದಲೇ ಭಾಷೆ ಬದಲಿಸಿಕೊಳ್ಳಿ.

ಕನ್ನಡ ಹೆಸರಿನ ಉದ್ದದ ಮೇಲೂ ಗಮನವಿರಲಿ. ವಿಂಡೋಸ್‌ನಲ್ಲಿ ಹೆಸರಿಗೆ 255 ಸಂಕೇತಗಳ (ಪ್ರತಿ ಅಕ್ಷರ, ಚಿಹ್ನೆಗೆ ಕಂಪ್ಯೂಟರ್ ಬಳಸುವ ಕೋಡ್) ಮಿತಿ. ಆದರೆ ವಿಂಡೋಸ್‌ನಂಥದೇ ಇನ್ನೊಂದು ಕಾರ್ಯವ್ಯವಸ್ಥೆಯಾದ ಲಿನಕ್ಸ್‌ನ ಸಾಮಾನ್ಯ ಡಿಸ್ಕ್ ವ್ಯವಸ್ಥೆಯಲ್ಲಿ ಮಿತಿ 255 ಬೈಟ್ (ಸಂಗ್ರಹದ ಅಳತೆ). ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ 85ಕ್ಕೇ ಮುಗಿಯಿತು. ಒತ್ತಕ್ಷರ, ಗುಣಿತಗಳ ಚಿಹ್ನೆಗಳೂ ಲೆಕ್ಕಕ್ಕೆ ಬರುತ್ತವೆ: ‘ಕನ್ನಡ’ ಎಂಬ ಪದಕ್ಕೇ 5 ಸಂಕೇತ, 15 ಬೈಟ್. ವಿಂಡೋಸ್‌ನಲ್ಲಿ ಸುಸೂತ್ರವಾಗಿದ್ದ ಉದ್ದನೆಯ ಹೆಸರಿನ ಫೈಲು ಅಲ್ಲಿಗೆ ಕಾಪಿಯಾಗದೆ ನಿಲ್ಲುವುದು ಇದರಿಂದಲೇ.

ಪ್ರಶ್ನೆ: ಸಾಲಾಗಿ ನೂರು ಫೋಟೊಗಳಿಗೆ ಬೇರೆ ಬೇರೆ ಹೆಸರು ಕೊಡಬೇಕು. ಪ್ರತಿ ಸಲ ಎಫ್2 ಒತ್ತಲೇಬೇಕೆ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಬೇಡ. ಒಂದು ಹೆಸರು ಬರೆದು ಎಂಟರ್ ಬದಲು ಟ್ಯಾಬ್ ಒತ್ತಿ; ಮುಂದಿನ ಫೈಲಿನ ಚೌಕ ತಾನೇ ತೆರೆಯುತ್ತದೆ. ಆದರೆ ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಿದ್ದರೆ ಹೊಸ ಹೆಸರಿನ ಫೈಲು ಜಾಗ ಬದಲಿಸಿ ಸರದಿ ತಪ್ಪಿಸುತ್ತದೆ. ಮೊದಲೇ ದಿನಾಂಕದ ಪ್ರಕಾರ ಜೋಡಿಸಿಕೊಳ್ಳಿ.