ಒಲೆಯ ಹೊಗೆ ಮುಖಕ್ಕೇ ಬರುತ್ತಿದೆ!

ಪ್ರಶ್ನೆ: ಹಿತ್ತಲಲ್ಲಿ ಇಟ್ಟಿಗೆಯ ಪಿಜ್ಜಾ ಒಲೆ ಕಟ್ಟಿದ್ದೇವೆ. ಒಳಗಡೆ ಅಗಲ 90 ಸೆಂ.ಮೀ., ಗುಮ್ಮಟದ ಎತ್ತರ 50, ಬಾಯಿಯ ಎತ್ತರ 40. ಚಿಮಣಿ ಇಟ್ಟಿಲ್ಲ. ಹೊಗೆಯೆಲ್ಲ ಮುಖಕ್ಕೆ ರಾಚುತ್ತದೆ. ಗುಮ್ಮಟದ ನೆತ್ತಿಗೆ ತೂತು ಕೊರೆದು ಚಿಮಣಿ ಕೂರಿಸಬಹುದೇ?

ಉತ್ತರ: ದಯವಿಟ್ಟು ನೆತ್ತಿಗೆ ಕೈ ಹಾಕಬೇಡಿ. ಅಲ್ಲಿ ತೂತಾದರೆ ಬಿಸಿಗಾಳಿ ನೆಟ್ಟಗೆ ಮೇಲೇರಿ ಹೋಗುತ್ತದೆ; ಪಿಜ್ಜಾದ ತಳ ಸೀದರೂ ಮೇಲ್ಭಾಗ ಬೇಯುವುದಿಲ್ಲ. ಚಿಮಣಿಯ ಜಾಗ ಬಾಯಿಯ ಹೊರಗೆ, ಅದರ ಮುಂದೆ ಕಟ್ಟುವ ಕಮಾನಿನ ಮೇಲೆ.

ನಿಜವಾದ ತಪ್ಪು ಬಾಯಿಯಲ್ಲಿದೆ. ಅದು ಗುಮ್ಮಟದ ಎತ್ತರದ ಸುಮಾರು 63% ಇರಬೇಕು, ಅಂದರೆ ನಿಮಗೆ 31-32 ಸೆಂ.ಮೀ. ಬಾಯಿಯ ಕಮಾನು ಬಿಚ್ಚಿ ತಗ್ಗಿಸಿ ಕಟ್ಟಿ. ಅದರ ಮುಂದೆ ಆಲಿಕೆಯಂತೆ ಮೇಲಕ್ಕೆ ಕಿರಿದಾಗುವ ಗೂಡು, ಮೇಲೆ 20 ಸೆಂ.ಮೀ. ವ್ಯಾಸದ, ಒಂದು ಮೀಟರಿನಷ್ಟು ಉದ್ದದ ಉಕ್ಕಿನ ಕೊಳವೆ. ಕೊಳವೆ ತಣ್ಣಗಿದ್ದರೆ ಅದು ಹೊಗೆಯನ್ನು ಮೇಲಕ್ಕೆ ಎಳೆಯದು. ಮೊದಲು ಅದರ ಕೆಳಗೆ ಕಾಗದ ಉರಿಸಿ.

ಹೊಸ ಗಾರೆಗೆ ಅವಸರದ ಬೆಂಕಿ ಬೇಡ. ಒಳಗಿನ ನೀರು ಆವಿಯಾಗಿ ಬಿರುಕು ಬಿಡುತ್ತದೆ. ಒಂದು ವಾರ ಒಣಗಿದ ಮೇಲೆ ಐದಾರು ದಿನ ಸಣ್ಣ ಉರಿ ಹಾಕಿ, 150 ಡಿಗ್ರಿಯಿಂದ ದಿನಕ್ಕೆ 50 ಡಿಗ್ರಿಯಂತೆ ಏರಿಸಿ. ಕೂದಲೆಳೆಯ ಬಿರುಕು ಕಂಡರೆ ಗಾಬರಿ ಬೇಡ, ಅದು ಮಾಮೂಲಿ.