ಡ್ರೈವರ್ ತಪ್ಪು ಮಾಡಿದ, ಸರಿ. ಮಿಕ್ಕವರು?

ಪತ್ರ: ಕಳೆದ ಸಂಚಿಕೆಯಲ್ಲಿ ಮೊದಲ ಮಹಾಯುದ್ಧದ ಬಗ್ಗೆ ಬಂದ ಲೇಖನ ಓದಿದೆ. ರಾಜರು, ಮಂತ್ರಿಗಳು, ಸೇನಾಪತಿಗಳನ್ನೆಲ್ಲ ಕಟಕಟೆಗೆ ಹತ್ತಿಸಿದ್ದೀರಿ. ನಾನು ಜೀವಮಾನವಿಡೀ ಮಕ್ಕಳಿಗೆ ಹೇಳಿಕೊಟ್ಟಿದ್ದು ಬೇರೆ. ಬೊಸ್ನಿಯಾದ ಸರಾಯೆವೊದಲ್ಲಿ ಒಬ್ಬ ಡ್ರೈವರ್ ತಪ್ಪು ರಸ್ತೆಗೆ ಕಾರು ತಿರುಗಿಸಿದ. ಅಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತ ನಿಂತಿದ್ದ ಹುಡುಗ ಗುಂಡು ಹೊಡೆದ. ಒಪ್ಪಂದಗಳು ಒಂದು ದೇಶದ ಹಿಂದೆ ಇನ್ನೊಂದನ್ನು ಎಳೆದುಕೊಂಡು ಬಂದವು. ಆಮೇಲೆ ಸೋತ ಜರ್ಮನಿಯ ಮೇಲೆ ಹೇರಿದ ವರ್ಸೇಲ್ಸ್ ಒಪ್ಪಂದದ ಅವಮಾನದಿಂದ ಹಿಟ್ಲರ್ ಬಂದ. ಇದರಲ್ಲಿ ಯಾರನ್ನು ಅಂತ ದೂರುವುದು? ಎಲ್ಲ ಕಾಲದ ಆಟ. ಇನ್ನೊಂದು ಮಾತು: ಆ ಯುದ್ಧಕ್ಕೆ ನಮ್ಮ ಮೈಸೂರಿನವರೂ ಹೋಗಿದ್ದರಂತೆ, ಹೌದೇ?
(ಹೆಸರು ಬೇಡವೆಂದ ನಿವೃತ್ತ ಶಿಕ್ಷಕರು, ತಿಪಟೂರು)

ಮೇಷ್ಟ್ರೇ, ಮೊದಲು ನಿಮ್ಮ ಅಕ್ಷರಕ್ಕೊಂದು ನಮಸ್ಕಾರ. ಇನ್‌ಲ್ಯಾಂಡ್ ಲೆಟರಿನ ಅಂಚನ್ನೂ ಬಿಡದೆ ಬರೆದು ಕಳಿಸುವವರು ಈಗ ಎಷ್ಟು ಜನ ಇದ್ದಾರೆ? ಅದಕ್ಕೇ ಈ ಸಲ ಪುಟದ ಪೂರ್ತಿ ಜಾಗ ನಿಮಗೆ. ಜಗಳ ಆಡುವುದಕ್ಕೂ ಜಾಗ ಬೇಕಲ್ವಾ.

ನಿಮಗೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. 1914ರ ಜೂನ್ 28ರ ಭಾನುವಾರ ಆ ಕಾರು ತಪ್ಪು ರಸ್ತೆಗೆ ತಿರುಗಿದ್ದು ನಿಜ. ತಿರುಗದೇ ಇದ್ದರೆ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್, ಅವನ ಹೆಂಡತಿ ಸೋಫಿ ಇಬ್ಬರೂ ಅವತ್ತು ಬದುಕುತ್ತಿದ್ದರೇನೋ. ಆಕಸ್ಮಿಕಕ್ಕೆ ಇತಿಹಾಸದಲ್ಲಿ ಒಂದು ಕುರ್ಚಿ ಇದೆ, ಒಪ್ಪಿದೆ. ಆದರೆ ನೀವು ಅದಕ್ಕೆ ಸಿಂಹಾಸನವನ್ನೇ ಕೊಟ್ಟಿದ್ದೀರಿ.

ಆ ಡ್ರೈವರ್ ಕತೆಯನ್ನೇ ನೋಡಿ. ಬೆಳಿಗ್ಗೆಯೇ ಚಾಬ್ರಿನೊವಿಚ್ ಎಂಬ ಹುಡುಗ ಬಾಂಬ್ ಎಸೆದಿದ್ದ. ಅದು ಯುವರಾಜನ ಕಾರಿಗೆ ತಾಗಿ ಜಾರಿ, ಹಿಂದಿನ ಕಾರಿನ ಹತ್ತಿರ ಸಿಡಿಯಿತು. ಒಬ್ಬ ಅಧಿಕಾರಿಗೆ ಗಾಯವಾಯಿತು. ಪುರಭವನದ ಸ್ವಾಗತ ಮುಗಿದ ಮೇಲೆ ಗಾಯಾಳುವನ್ನು ನೋಡಲು ಆಸ್ಪತ್ರೆಗೆ ಹೋಗೋಣ ಎಂದ ಯುವರಾಜ. ಸರಿ, ಮೊದಲು ಗೊತ್ತುಮಾಡಿದ್ದ ದಾರಿ ಬಿಟ್ಟು ನದಿ ಪಕ್ಕದ ರಸ್ತೆಯಲ್ಲೇ ನೇರ ಹೋಗುವುದೆಂದು ದೊಡ್ಡವರು ತೀರ್ಮಾನ ಮಾಡಿದರು. ಅದನ್ನು ಡ್ರೈವರುಗಳಿಗೆ ಮಾತ್ರ ಯಾರೂ ಹೇಳಲಿಲ್ಲ! ಮುಂದಿನ ಕಾರು ಹಳೇ ದಾರಿಯಲ್ಲೇ ಬಲಕ್ಕೆ ತಿರುಗಿತು, ಇವನ ಕಾರು ಅದರ ಹಿಂದೆ ಹೋಯಿತು. ಕಾರಿನಲ್ಲೇ ಕೂತಿದ್ದ ಗವರ್ನರ್ ಪೊಟಿಯೊರೆಕ್ ಈ ದಾರಿ ಅಲ್ಲ ಎಂದು ಕೂಗಿದ. ಡ್ರೈವರ್ ಬ್ರೇಕ್ ಹಾಕಿದ. ಗಾವ್ರಿಲೊ ಪ್ರಿನ್ಸಿಪ್ ನಿಂತಿದ್ದ ಜಾಗದ ಎದುರೇ.

ನೋಡಿದಿರಾ? ಭದ್ರತೆಯ ಹೊಣೆ ಹೊತ್ತ ಗವರ್ನರನ ಹೆಸರು ಯಾರ ಬಾಯಲ್ಲೂ ಇಲ್ಲ. ಡ್ರೈವರ್ ಮಾತ್ರ ನೂರು ವರ್ಷದಿಂದ ಬೈಸಿಕೊಳ್ಳುತ್ತಿದ್ದಾನೆ. ನಮ್ಮಲ್ಲಿ ಬೇರೆ ಇದೆಯೇ? ಬಸ್ಸು ಹಳ್ಳಕ್ಕೆ ಬಿದ್ದ ಮರುದಿನವೇ ಡ್ರೈವರ್ ಸಸ್ಪೆಂಡ್. ತಡೆಗೋಡೆ ಕಟ್ಟದೆ ಬಿಲ್ ಮಾಡಿಸಿಕೊಂಡವರು, ಆ ಬಿಲ್ಲಿಗೆ ಸಹಿ ಹಾಕಿದವರು ಬಡ್ತಿ ತಗೊಂಡು ಬೇರೆ ಜಿಲ್ಲೆಗೆ ಹೋಗಿರುತ್ತಾರೆ. ಇಂಥ ಸುದ್ದಿ ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ಇನ್ನು ಆ ಸ್ಯಾಂಡ್‌ವಿಚ್. ಇದು ಮೊಮ್ಮಕ್ಕಳ ಮೊಬೈಲಿನಿಂದ ಬಂದಿದ್ದು ತಾನೇ? ಪ್ರಿನ್ಸಿಪ್ ನಿಂತಿದ್ದು ಷಿಲ್ಲರ್ ಎಂಬವನ ಅಂಗಡಿ ಹತ್ತಿರ, ಅಷ್ಟು ನಿಜ. ಸ್ಯಾಂಡ್‌ವಿಚ್ಚು ಹೊಸದಾಗಿ ಹುಟ್ಟಿಕೊಂಡ ಕತೆ. ಆ ಕಾಲದ ಸಾಕ್ಷಿಗಳಲ್ಲಿ ಅದರ ಸುಳಿವಿಲ್ಲ. ಅವನು ಅಲ್ಲಿ ನಿಂತಿದ್ದಕ್ಕೂ ಕಾರಣವಿತ್ತು. ಮೆರವಣಿಗೆಯ ದಾರಿ ಮುಂಚೆಯೇ ಪ್ರಕಟವಾಗಿತ್ತು. ವಾಪಸು ಬರುವಾಗ ಯುವರಾಜ ಆ ಮೂಲೆಯಲ್ಲೇ ತಿರುಗಬೇಕಿತ್ತು. ಹುಡುಗನ ವಯಸ್ಸು ಹತ್ತೊಂಬತ್ತು, ಆದರೆ ಸುಮ್ನೆ ತಿಂಡಿ ತಿನ್ನಲು ಬಂದವನಲ್ಲ.

ಇದೆಲ್ಲ ಇರಲಿ. ನನ್ನ ನಿಜವಾದ ತಕರಾರು ಇಲ್ಲಿಂದ ಮುಂದೆ. ಗುಂಡು ಹಾರಿದ್ದು ಜೂನ್ 28ಕ್ಕೆ. ಬ್ರಿಟನ್ ಯುದ್ಧಕ್ಕೆ ಇಳಿದದ್ದು ಆಗಸ್ಟ್ 4ಕ್ಕೆ. ನಡುವೆ 37 ದಿನ. ಆ 37 ದಿನ ಕಾಲಪುರುಷ ಏನು ಮಾಡುತ್ತಿದ್ದನೋ ಗೊತ್ತಿಲ್ಲ. ಮನುಷ್ಯರು ಏನು ಮಾಡುತ್ತಿದ್ದರು ಎಂಬುದಕ್ಕೆ ತಾರೀಖು ಸಮೇತ ಕಾಗದ ಇದೆ.

ಕೊಲೆಯ ಹಿಂದೆ ನೆರೆಯ ಸರ್ಬಿಯಾದ ಕೈವಾಡ ಇದೆ ಎಂಬುದು ಆಸ್ಟ್ರಿಯಾದ ಆರೋಪ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಸೇನಾ ಮುಖ್ಯಸ್ಥ ಕಾನ್ರಾಡ್ ಎಂಬವನಿದ್ದ. 1913 ಒಂದೇ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಸರ್ಬಿಯಾ ಮೇಲೆ ಯುದ್ಧ ಬೇಕು ಎಂದು ಕೇಳಿದ್ದ. ಅದಕ್ಕೆ ಅಡ್ಡ ಬರುತ್ತಿದ್ದವರಲ್ಲಿ ದೊಡ್ಡವನು ಯಾರು ಗೊತ್ತಾ? ಸತ್ತ ಯುವರಾಜನೇ! ಅವನ ಹೆಣ ಮುಂದಿಟ್ಟುಕೊಂಡು ಅವನಿಗೇ ಬೇಡವಾಗಿದ್ದ ಯುದ್ಧ ಮಾಡಿದರು. ಜುಲೈ 5ರಂದು ಜರ್ಮನಿಯ ಕೈಸರ್ ವಿಲ್ಹೆಲ್ಮ್ "ಏನು ಮಾಡಿದರೂ ನಾವಿದ್ದೇವೆ" ಎಂಬರ್ಥದ ಮಾತು ಕೊಟ್ಟ. ಮರುದಿನ ಅವನ ಪ್ರಧಾನಿ ಬೆತ್‌ಮನ್ ಹಾಲ್ವೆಗ್ ಅದನ್ನು ಗಟ್ಟಿ ಮಾಡಿದ. ಕೈಸರ್ ಹಡಗು ಹತ್ತಿ ನಾರ್ವೆ ಕಡೆ ರಜೆಗೆ ಹೋದ. ವಿಯೆನ್ನಾದವರಿಗಾದರೂ ಅವಸರ ಇತ್ತಾ? ಇರಲಿಲ್ಲ. ಸೈನಿಕರು ಕೊಯ್ಲಿನ ರಜೆಯಲ್ಲಿದ್ದರು. ಫ್ರಾನ್ಸಿನ ಅಧ್ಯಕ್ಷ ಪ್ವಾಂಕಾರೆ ರಷ್ಯಾ ಪ್ರವಾಸದಲ್ಲಿದ್ದ. ಅವನು ಅಲ್ಲಿಂದ ಹೊರಡುವವರೆಗೆ ಕಾದರು. ಅವನು ಹೊರಟ ದಿನವೇ, ಜುಲೈ 23ರ ಸಂಜೆ, ಸರ್ಬಿಯಾಕ್ಕೆ 48 ಗಂಟೆಯ ಗಡುವಿನ ಪತ್ರ ಕೊಟ್ಟರು. ಪರರಾಷ್ಟ್ರದ ಅಧ್ಯಕ್ಷನ ರೈಲು, ಹಡಗಿನ ವೇಳೆ ನೋಡಿಕೊಂಡು ಪತ್ರ ಕೊಟ್ಟಿದ್ದಕ್ಕೆ ಆಕಸ್ಮಿಕ ಅನ್ನುವುದು ಹೇಗೆ ಮೇಷ್ಟ್ರೇ?

ಸರ್ಬಿಯಾ ಬಹುಪಾಲು ಷರತ್ತು ಒಪ್ಪಿತು. ರಜೆಯಿಂದ ಬಂದ ಕೈಸರ್ ಜುಲೈ 28ರ ಬೆಳಿಗ್ಗೆ ಆ ಉತ್ತರ ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂದು ಬರೆದ. ಅದೇ ದಿನ ಆಸ್ಟ್ರಿಯಾ ತಂತಿ ಕಳಿಸಿ ಯುದ್ಧ ಸಾರಿತು. ಸರ್ಬಿಯಾದ ಬೆನ್ನಿಗಿದ್ದ ರಷ್ಯಾದವರೂ ಸಂಭಾವಿತರೇನಲ್ಲ. ಜುಲೈ 30ರಂದು ಇಡೀ ಸೇನೆಯನ್ನು ಸಜ್ಜುಗೊಳಿಸುವ ಆಜ್ಞೆ ಹೊರಡಿಸಿದವನು ಅವರ ತ್ಸಾರ್. ಮರುದಿನ ಪ್ಯಾರಿಸ್ಸಿನಲ್ಲಿ ಇನ್ನೊಂದು ಗುಂಡು ಹಾರಿತು. ಯುದ್ಧ ತಡೆಯಲು ಓಡಾಡುತ್ತಿದ್ದ ಸಮಾಜವಾದಿ ನಾಯಕ ಜಾನ್ ಜೋರೆಸ್‌ನನ್ನು ಹೋಟೆಲಿನಲ್ಲಿ ಕೂತಿದ್ದಾಗ ಕೊಂದರು. ಆ ಗುಂಡಿನ ಬಗ್ಗೆ ಒಂದು ಪಾಠವೂ ಇಲ್ಲ.

ನಿಮ್ಮ ಒಪ್ಪಂದಗಳ ವಾದಕ್ಕೆ ಬರೋಣ. ಒಪ್ಪಂದ ಇದ್ದರೆ ಎಳೆದುಕೊಂಡೇ ಹೋಗುತ್ತದೆ ಅನ್ನುವುದಾದರೆ, ಇಟಲಿ? ಜರ್ಮನಿ, ಆಸ್ಟ್ರಿಯಾ ಜತೆ ಇಟಲಿಗೂ ಒಪ್ಪಂದ ಇತ್ತು. 1914ರಲ್ಲಿ ಅದು ತಟಸ್ಥವಾಗಿ ಕೂತಿತು. ಮುಂದಿನ ವರ್ಷ ಲಂಡನ್ನಿನಲ್ಲಿ ಗುಟ್ಟಾಗಿ ವ್ಯಾಪಾರ ಕುದುರಿಸಿ ಎದುರು ಪಕ್ಷಕ್ಕೇ ಸೇರಿತು. ರುಮೇನಿಯಾದ್ದೂ ಇದೇ ಕತೆ. ಬೇಡ ಅನ್ನಿಸಿದವರು ಬೇಡ ಅಂದರು. ಬ್ರಿಟನ್ನಿನಲ್ಲಿ ಜಾನ್ ಮಾರ್ಲಿ, ಜಾನ್ ಬರ್ನ್ಸ್ ಎಂಬ ಇಬ್ಬರು ಮಂತ್ರಿಗಳು ರಾಜೀನಾಮೆ ಕೊಟ್ಟು ಮನೆಗೆ ಹೋದರು. ಆಗದು ಅನ್ನುವ ದಾರಿ ತೆರೆದಿತ್ತು ಅಂತಾಯಿತಲ್ಲ.

ತಪ್ಪನ್ನೆಲ್ಲ ಸೈನಿಕರನ್ನು ಸಾಗಿಸುವ ರೈಲ್ವೆ ವೇಳಾಪಟ್ಟಿಯ ಮೇಲೆ ಹಾಕುವವರೂ ಇದ್ದಾರೆ. ಆಗಸ್ಟ್ 1ರಂದು, ಫ್ರಾನ್ಸಿನ ಮೇಲೆ ಹೋಗದಿದ್ದರೆ ಬ್ರಿಟನ್ ಸುಮ್ಮನಿರಬಹುದು ಎಂಬ ಸುದ್ದಿ ಬರ್ಲಿನ್ನಿಗೆ ಬಂತು. ಹಾಗಾದರೆ ಸೇನೆಯನ್ನೆಲ್ಲ ಪೂರ್ವಕ್ಕೆ ತಿರುಗಿಸಿ ಎಂದ ಕೈಸರ್. ಸೇನಾ ಮುಖ್ಯಸ್ಥ ಮೋಲ್ಟ್‌ಕೆ, ಈಗ ಬದಲಾಯಿಸಲು ಆಗುವುದೇ ಇಲ್ಲ ಎಂದ. ಯುದ್ಧ ಮುಗಿದ ಮೇಲೆ ಅದೇ ಸೇನೆಯ ರೈಲ್ವೆ ವಿಭಾಗದ ಜನರಲ್ ಶ್ಟಾಬ್ಸ್ ಸಿಟ್ಟಿಗೆದ್ದು, ಆಗುತ್ತಿತ್ತು, ಹೀಗೆ ಹೀಗೆ ಮಾಡಬಹುದಿತ್ತು ಎಂದು ಲೆಕ್ಕ ಸಮೇತ ಬರೆದು ತೋರಿಸಿದ. ರೈಲಿನವನಿಗೂ ಮರ್ಯಾದೆ ಇರುತ್ತದೆ ನೋಡಿ.

ಹಾಗಾದರೆ ಎಲ್ಲ ತಾನಾಗಿ ಆಯಿತು ಎಂಬ ಕತೆ ಹುಟ್ಟಿದ್ದು ಎಲ್ಲಿ? ಸಹಿ ಹಾಕಿದವರ ಆತ್ಮಕತೆಗಳಲ್ಲಿ. ಇದೆಲ್ಲ ಹೇಗೆ ಆಯಿತು ಎಂದು ಹಿಂದಿನ ಪ್ರಧಾನಿ ಬ್ಯೂಲೊ ಕೇಳಿದ್ದಕ್ಕೆ ಬೆತ್‌ಮನ್ ಕೈ ಮೇಲೆತ್ತಿ, ಅದು ಗೊತ್ತಿದ್ದರೆ ಅಂದನಂತೆ. ಜುಲೈ 6ರಂದು ಮಾತು ಕೊಟ್ಟವನು ಇವನೇ! ಬ್ರಿಟನ್ನಿನಲ್ಲಿ ಆಗ ಮಂತ್ರಿಯಾಗಿದ್ದ ಲಾಯ್ಡ್ ಜಾರ್ಜ್ ಕೂಡ, ದೇಶಗಳೆಲ್ಲ ಜಾರಿ ಬಿದ್ದವು ಎಂದು ಬರೆದ. ನಾವು ಅದನ್ನೇ ಪಾಠ ಮಾಡಿ, ಐದು ಅಂಕದ ಪ್ರಶ್ನೆ ಮಾಡಿ, ಮಕ್ಕಳಿಂದ ಬಾಯಿಪಾಠ ಮಾಡಿಸಿದೆವು. ನಿಮ್ಮನ್ನು ಬೈಯುತ್ತಿಲ್ಲ ಮೇಷ್ಟ್ರೇ. ಸ್ವಲ್ಪ ಬೈಯುತ್ತಿದ್ದೇನೆ.

ಶುರುವಾದ್ದು ಹೋಗಲಿ, ಅದು ನಾಲ್ಕು ವರ್ಷ ಎಳೆದದ್ದು ಏಕೆ? 1914ರ ನವೆಂಬರಿನಲ್ಲೇ ಮೋಲ್ಟ್‌ಕೆಯ ಜಾಗಕ್ಕೆ ಬಂದಿದ್ದ ಫಾಲ್ಕೆನ್‌ಹೈನ್, ಈ ಯುದ್ಧವನ್ನು ಪೂರ್ತಿ ಗೆಲ್ಲಲಾರೆವು, ರಷ್ಯಾ ಜತೆ ಸಂಧಿ ನೋಡಿ ಎಂದು ಬೆತ್‌ಮನ್‌ಗೆ ಹೇಳಿದ್ದ. ಬೆತ್‌ಮನ್ ಕೇಳಲಿಲ್ಲ. ಆಮೇಲೆ ಫ್ರಾನ್ಸಿನಲ್ಲಿ ವರ್ದನ್ ಕದನ ಆಯಿತು, ಸೋಮ್ ಕದನ ಆಯಿತು. ಸೋಮ್‌ನಲ್ಲಿ 1916ರ ಜುಲೈ 1ರ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು. 1917ರಲ್ಲಿ ಪೋಪ್ ಶಾಂತಿಯ ಪತ್ರ ಬರೆದರೆ ಯಾರೂ ಕಿವಿಗೊಡಲಿಲ್ಲ.

ಅದೇ ವರ್ಷದ ಒಂದು ಪ್ರಸಂಗ ನನ್ನ ಕಸುಬಿಗೇ ಸೇರಿದ್ದು. ಹಿಂದೆ ನಮ್ಮ ವೈಸರಾಯ್ ಆಗಿದ್ದನಲ್ಲ, ಲಾರ್ಡ್ ಲ್ಯಾನ್ಸ್‌ಡೌನ್, ಆಮೇಲೆ ಬ್ರಿಟನ್ನಿನ ವಿದೇಶ ಮಂತ್ರಿಯೂ ಆದವನು. 1914ರಲ್ಲಿ ಅವನ ಒಬ್ಬ ಮಗ ಯುದ್ಧದಲ್ಲಿ ಸತ್ತಿದ್ದ. ಮಾತುಕತೆ ಮಾಡಿ ಯುದ್ಧ ನಿಲ್ಲಿಸೋಣ ಎಂದು ಅವನು ಒಂದು ಪತ್ರ ಬರೆದ. 'ಟೈಮ್ಸ್' ಸಂಪಾದಕ ಅದನ್ನು ಹಾಕುವುದಿಲ್ಲ ಎಂದ. ನವೆಂಬರ್ 29ರಂದು 'ಡೈಲಿ ಟೆಲಿಗ್ರಾಫ್' ಹಾಕಿತು. ಮುದುಕನನ್ನು ದ್ರೋಹಿ ಅನ್ನುವವರೆಗೂ ಬೈದರು. ಆಳುವವರ ಮಾತಿಗೆ ಮುಖಪುಟ, ಬೇಡ ಅನ್ನುವವರ ಮಾತಿಗೆ ಕಸದ ಬುಟ್ಟಿ. ಈಗಿನ ಟೀವಿ ಸ್ಟುಡಿಯೋಗಳಲ್ಲಿ ಯುದ್ಧ ಬೇಕು ಎಂದು ಕಿರುಚುವವರನ್ನು ನೋಡಿದಾಗೆಲ್ಲ ನನಗೆ ಆ 'ಟೈಮ್ಸ್' ಸಂಪಾದಕನೇ ನೆನಪಾಗುತ್ತಾನೆ. ಕೊನೆಯಲ್ಲೂ ಅಷ್ಟೆ. 1918ರ ನವೆಂಬರ್ 8ರಂದು ಜರ್ಮನಿಯ ಎರ್ಜ್‌ಬರ್ಗರ್, ಮಾತುಕತೆ ನಡೆಯುವಾಗಲಾದರೂ ಗುಂಡು ನಿಲ್ಲಿಸಿ ಎಂದು ಬೇಡಿದ. ಫ್ರಾನ್ಸಿನ ಮಾರ್ಷಲ್ ಫೋಷ್ ಒಪ್ಪಲಿಲ್ಲ. 11ರ ಬೆಳಗಿನ ಐದರ ಸುಮಾರಿಗೆ ಸಹಿ ಆಯಿತು, ಜಾರಿಗೆ ಬಂದದ್ದು ಹನ್ನೊಂದಕ್ಕೆ. ಆ ಒಂದು ದಿನ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಈಗ ವರ್ಸೇಲ್ಸ್. ಅದು ಒರಟು ಒಪ್ಪಂದ ಹೌದು. ಆದರೆ 1918ರ ಮಾರ್ಚ್‌ನಲ್ಲಿ ಇದೇ ಜರ್ಮನಿ ಬ್ರೆಸ್ಟ್-ಲಿಟೊವ್‌ಸ್ಕ್‌ನಲ್ಲಿ ರಷ್ಯಾದಿಂದ ಪೋಲೆಂಡ್, ಉಕ್ರೇನ್, ಬಾಲ್ಟಿಕ್ ಸೀಮೆಗಳನ್ನೆಲ್ಲ ಕಿತ್ತುಕೊಂಡಿತ್ತು. ಸೋತಾಗ ಮಾತ್ರ ನ್ಯಾಯ ನೆನಪಾಯಿತೇ? ಅವಮಾನದಿಂದಲೇ ಹಿಟ್ಲರ್ ಬಂದ ಅನ್ನುವುದಾದರೆ 1928ರ ಚುನಾವಣೆಯಲ್ಲಿ ಅವನಿಗೆ ಬರೀ 2.6 ಶೇಕಡಾ ವೋಟು ಏಕೆ ಬಿತ್ತು? ಒಪ್ಪಂದಕ್ಕೆ ಆಗ ಒಂಬತ್ತು ವರ್ಷ. ಜರ್ಮನಿ ರಾಷ್ಟ್ರಸಂಘಕ್ಕೂ ಸೇರಿತ್ತು. ಆಮೇಲೆ ಜಗತ್ತಿನ ಆರ್ಥಿಕ ಕುಸಿತ ಬಂತು, ಕೆಲಸ ಹೋಯಿತು, ಅವನ ವೋಟು 1932ರ ಜುಲೈನಲ್ಲಿ 37.3ಕ್ಕೆ ಏರಿತು. ಅದೇ ತಿಂಗಳು ಲೌಸಾನ್ ಸಮ್ಮೇಳನದಲ್ಲಿ ಯುದ್ಧ ಪರಿಹಾರದ ಬಾಕಿ ಹೆಚ್ಚುಕಡಿಮೆ ಮಾಫಿ ಆಯಿತು. ನವೆಂಬರಿನಲ್ಲಿ ವೋಟು 33.1ಕ್ಕೆ ಇಳಿಯಿತು. ಇಳಿಯುತ್ತಿದ್ದವನನ್ನು ಮೇಲಕ್ಕೆ ಎತ್ತಿದ್ದು ಯಾರು? 1933ರ ಜನವರಿ 4ರಂದು ಕಲೋನ್ ಊರಿನ ಒಬ್ಬ ಬ್ಯಾಂಕರನ ಮನೆಯಲ್ಲಿ ಮಾಜಿ ಪ್ರಧಾನಿ ಪಾಪೆನ್ ಅವನ ಜತೆ ಕೂತು ಮಾತಾಡಿದ. ಜನವರಿ 30ರಂದು ಮುದುಕ ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನು ಪ್ರಧಾನಿ ಮಾಡಿದ. ಹಿಟ್ಲರನನ್ನು ನಾವು ಹಿಡಿತದಲ್ಲಿ ಇಟ್ಟುಕೊಳ್ಳುತ್ತೇವೆ ಎಂಬ ಜಂಬ ಪಾಪೆನ್‌ಗೆ. ಇದೂ ಕಾಲದ ಆಟವೇ?

ಇನ್ನು ನಿಮ್ಮ ಕಡೇ ಪ್ರಶ್ನೆ. ಹೌದು, ಹೋಗಿದ್ದರು. ಬ್ರಿಟನ್ ಯುದ್ಧಕ್ಕೆ ಇಳಿದಾಗ ಭಾರತವೂ ಇಳಿದಂತೆಯೇ ಆಯಿತು, ಇಲ್ಲಿನ ಯಾರನ್ನೂ ಕೇಳಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನ ಕಡಲು ದಾಟಿದರು, ಸುಮಾರು 74 ಸಾವಿರ ಜನ ಸತ್ತರು. ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಪ್ಯಾಲೆಸ್ತೀನಿಗೆ ಹೋಗಿ 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದವರ ಜತೆ ಹೈಫಾ ಊರು ಹಿಡಿಯಿತು. ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿ ಇದ್ದ ಕಡೆ ಹತ್ತಿದವರು ನಮ್ಮವರೇ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು. ಸೈನಿಕರನ್ನು ಹೊತ್ತ ಹಡಗುಗಳ ಜತೆ 1918ರಲ್ಲಿ ಮುಂಬಯಿಗೆ ಬಂದ ಇನ್‌ಫ್ಲುಯೆಂಜಾ ದೇಶದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ತಗೊಂಡು ಹೋಯಿತು. ಸಹಾಯ ಮಾಡಿದ್ದಕ್ಕೆ 1919ರ ಮಾರ್ಚ್‌ನಲ್ಲಿ ಸಿಕ್ಕ ಬಹುಮಾನ ರೌಲಟ್ ಕಾಯ್ದೆ, ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್.

ಈ ಕಡೇ ವಿಷಯ ಒಂದು ಪೂರ್ತಿ ಲೇಖನವಾಗುವಷ್ಟಿದೆ. ನಿಮ್ಮ ಸೀಮೆಯಿಂದ ಲ್ಯಾನ್ಸರ್ಸ್ ದಳಕ್ಕೆ ಹೋದವರ ಮನೆಗಳು ಗೊತ್ತಿದ್ದರೆ, ಹಳೇ ಪಿಂಚಣಿ ಪುಸ್ತಕವೋ ಪದಕವೋ ಉಳಿದಿದ್ದರೆ ವಿಚಾರಿಸಿ ಬರೆಯಿರಿ ಮೇಷ್ಟ್ರೇ. ಫೋಟೋ ತೆಗೆಸಿ ಕಳಿಸಿದರೆ ಅಂಚೆ ಖರ್ಚು ನಮ್ಮದು. ಸ್ಯಾಂಡ್‌ವಿಚ್ ಕಳಿಸಿದ ಮೊಮ್ಮಗನಿಗೂ ಈ ಪುಟ ಓದಲು ಕೊಡಿ.

— ಸಂಪಾದಕ